ಸಿಹಿನೀರು ಕುಡಿದ ಕಾರು

ನಮ್ಮಪ್ಪನ ಕಾರಿಗೆ ಊರವರು ಇಟ್ಟಿದ್ದ ಹೆಸರು ‘ಕಾಫಿ ಕಾರು’. ಸೂಲಿಬೆಲೆ ಬಿಟ್ಟು ಹೊಸಕೋಟೆ ಮುಟ್ಟುವಷ್ಟರಲ್ಲಿ ಒಂದು ಸಲವಾದರೂ ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಮದುವೆಗೆ ಬಾಡಿಗೆ ಹಿಡಿದವರು ಹತ್ತುವಾಗಲೇ, “ಕಾಫಿಪುಡಿ ನಾವ್ ತಂದಿದ್ದೀವಿ, ಬಿಸ್ನೀರು ಮಾತ್ರ ನಿಂದು ಕಣಪ್ಪಾ” ಎಂದು ರೇಗಿಸುತ್ತಿದ್ದರು. ಅಪ್ಪ ಅವರ ಜೊತೆ ಸೇರಿ ತಾನೂ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅಪ್ಪ ಹೊಲ ಉಳುವ ಮನೆಯಲ್ಲಿ ಹುಟ್ಟಿದವನು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಬಿಳಿ ದೊರೆಯ ಹತ್ತಿರ ಡ್ರೈವರ್ ಆಗಿದ್ದು, ಆತ ವಾಪಸು ತನ್ನ ಸೀಮೆಗೆ ಹೊರಟಾಗ ಈ ಹಳೆಯ ಕಾರನ್ನು ಕೊಂಡು ಊರಿಗೆ ತಂದಿದ್ದ. ಅದನ್ನು ಎತ್ತಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದ. ಆದರೂ ಅದು ಕುದಿಯುವುದನ್ನು ಬಿಡಲಿಲ್ಲ.

ಅದು ಯಾಕೆ ಕುದಿಯುತ್ತದೆಂದು ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಅದಕ್ಕೆ ಕಾರಣ ನಮ್ಮಜ್ಜಿ. ಅಪ್ಪನ ತಾಯಿ ಅವಳು, ಮನೆಯ ಕಾಯಿದೆಯೆಲ್ಲ ಅವಳದೇ. ನಮ್ಮ ಹಿತ್ತಲಿನ ಬಾವಿಯ ನೀರು ಉಪ್ಪು. ಆ ನೀರಿನಲ್ಲಿ ಬೇಳೆ ಬೇಯದು, ಸೋಪು ನೊರೆಯಾಗದು. ಸಿಹಿನೀರು ಬೇಕೆಂದರೆ ಊರಾಚೆಯ ತೋಪಿನ ಬಾವಿಗೆ ಹೋಗಬೇಕು. ಅವ್ವ ಕಾಯಿಲೆ ಬಿದ್ದ ಮೇಲೆ ಆ ಬಿಂದಿಗೆ ನನ್ನ ಸೊಂಟಕ್ಕೆ ಬಂದಿತ್ತು. ಸಿಹಿನೀರು ಕುಡಿಯುವುದಕ್ಕೆ, ಅಡುಗೆಗೆ, ದೇವರಿಗೆ. ಮಿಕ್ಕಿದ್ದಕ್ಕೆಲ್ಲ ಉಪ್ಪುನೀರು ಎಂಬುದು ಅಜ್ಜಿಯ ಕಾಯಿದೆ. ಅಪ್ಪ ಒಮ್ಮೆ ಕಾರಿಗೆ ಸಿಹಿನೀರು ಕೇಳಿದಾಗ ಅವಳು, “ದೇವ್ರ ನೀರು ಅದುಕ್ಯಾಕ್ಲಾ? ಅದೇನು ಬಸ್ರಿ ಹೆಂಗ್ಸಾ, ಬಾಯಿ ರುಚಿ ನೋಡಾಕೆ?” ಎಂದಿದ್ದಳು. ಅಪ್ಪ ಮತ್ತೆ ಕೇಳಲಿಲ್ಲ. ಹೀಗೆ ವರ್ಷಗಟ್ಟಲೆ ಆ ಎಂಜಿನ್ನು ಉಪ್ಪುನೀರು ಕುಡಿದು ಕುಡಿದು ಒಳಗೆಲ್ಲ ಸುಣ್ಣದಂಥ ಬಿಳಿ ಕರಣೆ ಕಟ್ಟಿಕೊಂಡಿತು.

ಅವ್ವನಿಗೆ ಕ್ಷಯ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಲಗಿ ಒಂದು ಬೇಸಗೆ, ಒಂದು ಮಳೆಗಾಲ ಕಳೆದಿತ್ತು. ಯುದ್ಧ ಮುಗಿದು ಸ್ವಲ್ಪ ಕಾಲವಾಗಿತ್ತು, ಪೆಟ್ರೋಲಿಗೆ ಇನ್ನೂ ರೇಷನ್ನಿನ ಕೂಪನ್ನು ನಡೆಯುತ್ತಿತ್ತು. ಒಂದು ದಿನ ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನವಿಲ್ಲ, ಆದಷ್ಟು ಬೇಗ ಮನೆಗೆ ಕರೆದುಕೊಂಡು ಹೋಗಿ ಎಂದರು. ನಾನು ಒಳಗೆ ಅವ್ವನ ಹತ್ತಿರ ನಿಂತಿದ್ದೆ. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕೈ ಹಿಡಿದುಕೊಂಡು, “ಅಮ್ಮಣ್ಣಿ, ಉಸ್ರಿರುವಾಗ್ಲೇ ನನ್ನ ಮನೆ ಸೇರಿಸ್ಬಿಡ್ರವ್ವ. ಹೊಂಗೆ ಮರದ ಕೆಳಗೆ ನನ್ನ ಮಲಗಿಸ್ಬೇಡ್ರಿ” ಎಂದಳು.

ಈ ಹೊಂಗೆ ಮರದ ಮಾತನ್ನು ಬಿಡಿಸಿ ಹೇಳಬೇಕು. ನಮ್ಮೂರ ಕಡೆ ಹೊರಗೆ ಪ್ರಾಣ ಬಿಟ್ಟವರ ಹೆಣವನ್ನು ಊರೊಳಕ್ಕೆ ತರುವುದಿಲ್ಲ. ಎಷ್ಟು ದೊಡ್ಡ ಮನೆಯವರಾದರೂ ಊರ ಗಡಿಯಲ್ಲೇ ಇಳಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯಬೇಕು. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಹಾವು ಕಚ್ಚಿ ಹೊಸಕೋಟೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಹಾಗೇ ಆಯಿತು. ಗಡಿಯ ಹೊಂಗೆ ಮರದ ಕೆಳಗೆ ಅವನನ್ನು ಚಾಪೆಯ ಮೇಲೆ ಮಲಗಿಸಿದರು. ಅಲ್ಲಿಂದ ನಮ್ಮ ಮನೆಯ ಹೆಂಚು ಕಾಣುತ್ತದೆ. ನಾಲ್ಕು ಜನ ದೊಡ್ಡವರು ಅಜ್ಜಿಯ ಮುಖ ನೋಡಿದರು. ಬೇಡಿಕೊಂಡರೆ ಒಂದು ಗಳಿಗೆ ಒಳಗೆ ತರಲು ಬಿಡುತ್ತಿದ್ದರೋ ಏನೋ. ಅವಳು ಬೇಡಲಿಲ್ಲ. “ಎಲ್ರಿಗೂ ಒಂದೇ ಕಣ್ರಪ್ಪ” ಎಂದು ತಾನೇ ಮರದ ಕೆಳಗೆ ಹೋಗಿ ಕೂತಳು. ಅವ್ವ ಅದನ್ನೆಲ್ಲ ಕಣ್ಣಾರೆ ಕಂಡವಳು. ಸಾವಿಗಿಂತ ಅವಳಿಗೆ ಆ ಮರದ ಭಯವೇ ಹೆಚ್ಚಾಗಿತ್ತು.

ಬಸ್ಸಿನವರು ಕ್ಷಯದವರನ್ನು ಹತ್ತಿಸುತ್ತಿರಲಿಲ್ಲ, ಬೇರೆ ಬಾಡಿಗೆ ಕಾರಿನವರು ಕಾಯಿಲೆಯ ಹೆಸರು ಕೇಳಿದರೆ ದೂರ ಸರಿಯುತ್ತಿದ್ದರು. ಇದ್ದದ್ದು ನಮ್ಮ ಕಾರು ಒಂದೇ. ಅದೋ, ಕುದಿಯಿತೆಂದರೆ ರಸ್ತೆ ಬದಿಯ ಬಿಸಿಲಲ್ಲಿ ಒಂದು ಹೊತ್ತು ನಿಲ್ಲಬೇಕು. ಕೂರಲೂ ತ್ರಾಣವಿಲ್ಲದೆ, ಕೆಮ್ಮಿದರೆ ರಕ್ತ ಕಾರುವ ಜೀವವನ್ನು ಅಲ್ಲಿ ಇಟ್ಟುಕೊಂಡು ಕಾಯುವುದು ಹೇಗೆ? ಆಸ್ಪತ್ರೆಯಿಂದ ಬಸ್ಸಿನಲ್ಲಿ ಬಂದವನೇ ಅಪ್ಪ ಅಂಗಿ ಬಿಚ್ಚಿ ಜಗಲಿಗೆ ಎಸೆದ. “ನಾಳೆ ಒಂದಿನ ಇದರ ಹೊಟ್ಟೆ ತೊಳೀತೀನಿ. ನಾಡಿದ್ದು ಬೆಳಗ್ಗೆ ಹೊರಡೋದು” ಎಂದ.

ಎಂಜಿನ್ನಿನ ತಲೆಯ ಮೇಲೆ, ರಬ್ಬರ್ ಕೊಳವೆ ಶುರುವಾಗುವ ಕಡೆ, ಒಂದು ಹಿತ್ತಾಳೆಯ ಮುಚ್ಚಳ ಅಡಗಿ ಕೂತಿರುತ್ತದೆ. ಥರ್ಮೋಸ್ಟಾಟ್ ಎಂದು ಅದರ ಹೆಸರು. ನೀರು ತಣ್ಣಗಿದ್ದಾಗ ಅದು ಮುಚ್ಚಿಕೊಂಡಿರಬೇಕು, ಕಾದಾಗ ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡಬೇಕು. ಅಪ್ಪ ಬೋಲ್ಟು ಬಿಚ್ಚಿ ಅದನ್ನು ಎತ್ತಿದಾಗ ನಮಗೆ ಕಂಡದ್ದು ಸುಣ್ಣದ ಉಂಡೆ. ನಮ್ಮ ಬಚ್ಚಲ ಹಂಡೆಯೊಳಗೆ ಕಟ್ಟುವಂಥದೇ ಕರಣೆ. ಹೊಸಕೋಟೆಯ ಮೆಕ್ಯಾನಿಕ್ಕು ಹಿಂದೆಯೇ, “ನಮ್ ಬಿಸಿಲಿಗೆ ಅದ್ಯಾಕಣ್ಣ, ಕಿತ್ತು ಬಿಸಾಕು” ಎಂದಿದ್ದ. ಅದಿಲ್ಲದಿದ್ದರೆ ಎಂಜಿನ್ನು ಬೇಗ ಬಿಸಿಯಾಗದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ; ನಮ್ಮ ಕೈಲಿದ್ದ ಕೂಪನ್ನಿಗೆ ಹೋಗಿ ಬರುವಷ್ಟೇ ಪೆಟ್ರೋಲು ಬರುತ್ತಿತ್ತು. ಹಾಗಾಗಿ ಅಪ್ಪ ಆಸ್ಪತ್ರೆಯಿಂದ ಬರುವಾಗಲೇ ಬೆಂಗಳೂರಿನ ಗುಜರಿಯಲ್ಲಿ ಸೈನ್ಯದ ಹಳೇ ಗಾಡಿಯದೊಂದನ್ನು ಹುಡುಕಿ ತಂದಿದ್ದ.

ಅದು ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ. ಬಚ್ಚಲ ಒಲೆಯ ಮೇಲೆ ಒಂದು ಪಾತ್ರೆಯಲ್ಲಿ ನೀರಿಟ್ಟು, ಹಳೆಯದನ್ನೂ ತಂದದ್ದನ್ನೂ ದಾರ ಕಟ್ಟಿ ಇಳಿಬಿಟ್ಟೆವು. ನೀರು ಕಾಯಿತು, ಗುಳ್ಳೆ ಬಂತು. ತಂದದ್ದು ಮೆಲ್ಲಗೆ ಬಾಯಿ ಬಿಟ್ಟಿತು. ಹಳೆಯದು ನೀರು ಮರಳಿದರೂ ಬಿಗಿದುಕೊಂಡೇ ಇತ್ತು. ಅಪ್ಪ ಅದನ್ನು ಬಾಗಿಲ ಹೊರಗೆ ಬೀಸಿ ಎಸೆದ. ಅಪ್ಪ ಏನನ್ನಾದರೂ ಎಸೆದದ್ದನ್ನು ನಾನು ಆ ಎರಡು ದಿನಗಳಲ್ಲಿ ಮಾತ್ರ ನೋಡಿದ್ದೇನೆ.

ಆಮೇಲೆ ಹೊಟ್ಟೆ ತೊಳೆಯುವ ಕೆಲಸ. ರೇಡಿಯೇಟರನ್ನು ಕಳಚಿ ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿ, ನೀರು ಹರಿಯುವ ದಿಕ್ಕಿಗೆ ಎದುರಾಗಿ ಕೆಳಬಾಯಿಂದ ಹುಯ್ಯಬೇಕು. ಕೊಡಗಟ್ಟಲೆ ಹುಯ್ದರೂ ಬಂದದ್ದು ರಾಗಿ ಅಂಬಲಿಯಂಥ ಕೆಂಚು ನೀರು. ಒಗೆಯುವ ಸೋಡಾ ಕರಗಿಸಿ ಹಾಕಿದ್ದಾಯಿತು. ಕರಣೆ ಅಲ್ಲಾಡಲಿಲ್ಲ. ಅಷ್ಟು ಹೊತ್ತೂ ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದಳು.

“ಅದು ಹಿತ್ತಾಳೇನೇನ್ಲಾ?” ಎಂದಳು.

“ಹೂಂ ಕಣವ್ವ, ಹಿತ್ತಾಳೆ, ತಾಮ್ರ.”

“ಮತ್ತೆ ಹಿತ್ತಾಳೆ ಪಾತ್ರೇನ ಯಾರಾದ್ರೂ ಸೋಡಾದಾಗೆ ಬೆಳಗ್ತಾರಾ?”

ಎದ್ದು ಒಳಗೆ ಹೋದಳು. ವರ್ಷಕ್ಕೆಂದು ಕಟ್ಟಿಟ್ಟಿದ್ದ ಹುಣಸೆಹಣ್ಣಿನ ಮಡಕೆಯನ್ನೇ ಎತ್ತಿಕೊಂಡು ಬಂದಳು. ನೆನೆಸಿ, ಕಿವುಚಿ, ಅವ್ವನ ಹಳೇ ಸೀರೆಯ ತುಂಡಿನಲ್ಲಿ ಶೋಧಿಸಿ ಕೊಟ್ಟಳು. ಅಪ್ಪನಿಗೆ ನಗು ಬಂತು, ಆದರೆ ಬೇರೆ ದಾರಿಯಿರಲಿಲ್ಲ. ರೇಡಿಯೇಟರನ್ನು ಮತ್ತೆ ಕೂರಿಸಿ, ಹುಳಿನೀರು ತುಂಬಿ, ಎಂಜಿನ್ನು ಓಡಿಸಿದ. ಅಂಗಳವೆಲ್ಲ ಸಾರಿನ ವಾಸನೆ. ಒಂದು ಹೊತ್ತಾದ ಮೇಲೆ ಕೆಳಗಿನ ತಿರುಪು ಸಡಿಲಿಸಿದರೆ ಹಕ್ಕಳೆ ಹಕ್ಕಳೆಯಾಗಿ ಕರಣೆ ಬಿದ್ದಿತು. ಅಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಅಜ್ಜಿಗೆ ತೋರಿಸಿದ. ಅವಳು ಮುಖ ತಿರುಗಿಸಿಕೊಂಡಳು.

ಹುಳಿ ಉಳಿಯದಂತೆ ತೊಳೆಯಬೇಕಿತ್ತು. ನಾನು ಹಿತ್ತಲ ಬಾವಿಯ ರಾಟೆಗೆ ಹಗ್ಗ ಹಾಕುತ್ತಿದ್ದಾಗ ಅಜ್ಜಿ ಗದರಿದಳು. “ಆ ನೀರು ಬ್ಯಾಡ. ತೋಪಿನ ಬಾವಿಗೆ ನಡಿ.” ನಾನು ಬಾಯಿ ತೆರೆದು ನಿಂತುಬಿಟ್ಟೆ. “ಏನ್ ಬಾಯ್ಬಿಡ್ತೀಯ? ನನ್ನ ಸೊಸೆ ಬರೋ ಗಾಡಿ ಅದು” ಎಂದು ತಾನೂ ಒಂದು ಬಿಂದಿಗೆ ಹಿಡಿದು ಹೊರಟಳು. ನಾವಿಬ್ಬರೂ ಸಂಜೆಯವರೆಗೆ ಹೊತ್ತೆವು. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ಈ ಮಾತನ್ನು ಮೂರು ವರ್ಷ ಮೊದಲು ಹೇಳಿದ್ದರೆ ಅಪ್ಪ ಎಷ್ಟೋ ಸಲ ರಸ್ತೆ ಬದಿಯಲ್ಲಿ ನಗೆಪಾಟಲಾಗುವುದು ತಪ್ಪುತ್ತಿತ್ತು. ಆದರೆ ಆ ಮುದುಕಿ ಸೊಂಟ ಸೊಟ್ಟ ಮಾಡಿಕೊಂಡು ಮುಂದೆ ನಡೆಯುತ್ತಿದ್ದುದನ್ನು ನೋಡಿ ನನ್ನ ಬಿಂದಿಗೆ ಎತ್ತಿಕೊಂಡು ಹಿಂದೆ ನಡೆದೆ. ಕತ್ತಲಾಗುವ ಮುಂಚೆ ಅಪ್ಪ ನೀರು ಸೋರದಿರಲೆಂದು ಗಟ್ಟಿ ರಟ್ಟನ್ನು ಎಂಜಿನ್ನಿನ ಬಾಯಿಯ ಅಳತೆಗೆ ಕತ್ತರಿಸಿ, ಗ್ರೀಸು ಸವರಿ, ಗುಜರಿಯಿಂದ ತಂದ ಥರ್ಮೋಸ್ಟಾಟನ್ನು ಕೂರಿಸಿ ಬೋಲ್ಟು ಬಿಗಿದ. ಸಿಹಿನೀರು ತುಂಬಿದ.

ಮಾರನೆಯ ದಿನ ಬೆಂಗಳೂರಿಗೆ ಹೋಗುವಾಗ ಕಾರು ಒಂದು ಸಲವೂ ಕುದಿಯಲಿಲ್ಲ. ಆಸ್ಪತ್ರೆಯಿಂದ ಬರುವಾಗ ಅವ್ವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಎಷ್ಟು ಹಗುರಾಗಿದ್ದಳೆಂದರೆ ನನ್ನ ತೊಡೆ ಜೋಮು ಹಿಡಿಯಲೇ ಇಲ್ಲ. ಅಪ್ಪ ಮುಂದೆ ಒಂದೇ ಸಮನೆ ಮಾತಾಡುತ್ತಿದ್ದ. ಸಾಮಾನ್ಯಕ್ಕೆ ಬಾಯಿ ಬಿಡದ ಮನುಷ್ಯ. “ನೋಡ್ದಾ, ದಿಣ್ಣೆ ಹತ್ತಿದ್ರೂ ಉಸ್ಸಪ್ಪಾ ಅನ್ಲಿಲ್ಲ. ನಿಮ್ಮತ್ತೆ ಹುಣಸೇಹಣ್ಣಿನ ಮಹಿಮೆ ಕಣೆ. ಇನ್ಮೇಲೆ ಇದುಕ್ಕೆ ತೋಪಿನ ನೀರೇ.” ಅವ್ವ ಸ್ವಲ್ಪ ನಕ್ಕಳು. ಆಗಾಗ ಕಣ್ಣು ತೆರೆದು, “ಮನೆ ಬಂತಾ?” ಎಂದು ಕೇಳುತ್ತಿದ್ದಳು. “ಇನ್ನೇನ್ ಬಂತು ಕಣವ್ವ” ಎಂದು ನಾನು ಹೇಳುತ್ತಿದ್ದೆ.

ಹೊಸಕೋಟೆ ಕೆರೆಯ ಏರಿ ದಾಟುವಾಗ ಕೇಳಿದಳು. ಹೊಸಕೋಟೆ ದಾಟಿ ಸೂಲಿಬೆಲೆ ರಸ್ತೆಗೆ ತಿರುಗಿದಾಗ ಇನ್ನೊಂದು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ. ನನ್ನ ಬೆರಳುಗಳನ್ನು ಹಿಡಿದಿದ್ದ ಅವಳ ಕೈ ಸಡಿಲವಾಯಿತು. ನಾನು ಬಗ್ಗಿ ಮೂಗಿನ ಹತ್ತಿರ ಅಂಗೈ ಹಿಡಿದೆ. ಎಷ್ಟೋ ಹೊತ್ತು ಹಿಡಿದೆ. ಗಾಳಿ ಬರಲಿಲ್ಲ.

ಚೀರಬೇಕೆನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹೇಳಿದರೆ ಅಪ್ಪ ಕಾರು ನಿಲ್ಲಿಸುತ್ತಾನೆ. ಅವನು ಸುಳ್ಳು ಹೇಳಲು ಬಾರದವನು. ಗಡಿಗೆ ಬಂದಾಗ ತಾನೇ ಇಳಿದು, ನಿಂತವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ, ಚಾಪೆ ಹಾಸುತ್ತಾನೆ. ಅವ್ವ ನನ್ನ ಕೈ ಹಿಡಿದು ಬೇಡಿದ್ದು ಅದೊಂದನ್ನೇ.

“ಹೆಂಗವಳೆ?” ಎಂದ ಅಪ್ಪ, ರಸ್ತೆ ನೋಡುತ್ತಲೇ.

“ನಿದ್ದೆ ಮಾಡ್ತವಳೆ.”

“ಮಾಡ್ಲಿ. ಅಲುಗಿಸ್ದಂಗೆ ಹೋಗ್ತೀನಿ.”

ಅಲ್ಲಿಂದ ಮುಂದೆ ಅವನು ಪ್ರತಿ ಹಳ್ಳಕ್ಕೂ ಕಾರನ್ನು ನಿಧಾನ ಮಾಡಿ, ಚಕ್ರವನ್ನು ಮೆಲ್ಲಗೆ ಇಳಿಸಿ ಹತ್ತಿಸಿದ. ಅವಳಿಗೆ ಎಚ್ಚರವಾಗದಿರಲಿ ಎಂದು ಮಾತನ್ನೂ ನಿಲ್ಲಿಸಿದ. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ದಾರಿ ಇನ್ನೊಂದಿಲ್ಲ. ಹೊಂಗೆ ಮರ ಬಂತು, ಹೋಯಿತು. ನಾನು ಅವ್ವನ ಸೆರಗನ್ನು ಮುಖಕ್ಕೆ ಬಿಸಿಲು ಬೀಳದ ಹಾಗೆ ಎಳೆದೆ.

ಮನೆಯ ಮುಂದೆ ಊರೇ ನೆರೆದಿತ್ತು. ಕಾರು ನಿಂತಿತು. ಊರಿನ ಹಿರಿಯರೊಬ್ಬರು ಬಾಗಿಲ ಹತ್ತಿರ ಬಂದು, “ಜೀವ ಐತೇನವ್ವ?” ಎಂದರು. ಅಷ್ಟರಲ್ಲಿ ಅಜ್ಜಿ ಅವರನ್ನು ಸರಿಸಿಕೊಂಡು ಒಳಗೆ ಬಗ್ಗಿದಳು. ಅವ್ವನ ಪಾದ ಮುಟ್ಟಿದಳು. ಕೆನ್ನೆ ಮುಟ್ಟಿದಳು. ನನ್ನ ಮುಖ ನೋಡಿದಳು. ಅವಳು ಒಂದು ಕಾಯಿದೆಯ ಮೇಲೆ ಹೆತ್ತ ಮಗನನ್ನೇ ಹೊರಗೆ ಬಿಟ್ಟವಳು. ಇನ್ನು ನಮ್ಮದು ಮುಗಿಯಿತು ಎಂದುಕೊಂಡೆ.

ಅಜ್ಜಿ ನೆಟ್ಟಗಾಗಿ ಹಿಂದೆ ತಿರುಗಿದಳು. “ಏನ್ ಬಾಗ್ಲಿಗೆ ಅಡ್ಡ ನಿಂತಿದ್ದೀರಿ? ಉಸ್ರೈತೆ. ದಾರಿ ಬಿಡ್ರಿ” ಎಂದು ಅರಚಿದಳು. ಆಮೇಲೆ ಅಪ್ಪನ ಕಡೆಗೆ, ಎಂದೂ ಆಡದಷ್ಟು ಮೆತ್ತಗೆ, “ಎತ್ಕೊಳಪ್ಪ” ಎಂದಳು.

ಅಪ್ಪ ಎರಡೂ ಕೈ ಕೊಟ್ಟು ಅವ್ವನನ್ನು ಎತ್ತಿಕೊಂಡ. ಎತ್ತಿಕೊಂಡ ಕೂಡಲೇ ಅವನಿಗೆ ಗೊತ್ತಾಯಿತು. ಅವನ ಕಾಲು ನೆಲಕ್ಕೆ ಕಚ್ಚಿಕೊಂಡದ್ದನ್ನು ನಾನು ನೋಡಿದೆ. ಜನ ನೋಡುತ್ತಿದ್ದರು. ಅವ್ವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು, ಸುಳ್ಳು ಬಾರದ ನಮ್ಮಪ್ಪ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, “ಮನೆ ಬಂತು ಕಣೆ” ಎಂದು ಅವಳಿಗೆ ಹೇಳಿ ಹೊಸ್ತಿಲು ದಾಟಿದ.