ಕೆಂಪಸಿದ್ದಯ್ಯನ ಬೂಟು, ಊರಿನ ಕಣ್ಣು

ಕೆಂಪಸಿದ್ದಯ್ಯ ಬೂಟು ತೊಳೆಯುತ್ತಿದ್ದಾರೆ. ಇನ್ನೂ ಬೆಳಕು ಹರಿದಿಲ್ಲ. ಮನೆ ಹಿಂದಿನ ಕಲ್ಲಿನ ಮೇಲೆ ಕೂತು, ತಳದ ಗೆರೆಗಳಲ್ಲಿ ಸಿಕ್ಕಿದ ಕೆಸರನ್ನು ಕಡ್ಡಿಯಿಂದ ಕೆದಕಿ, ಬ್ಲೀಚಿಂಗ್ ಪುಡಿ ಕದಡಿದ ಬಕೆಟ್ಟಿನಲ್ಲಿ ಎರಡನ್ನೂ ಮುಳುಗಿಸುತ್ತಾರೆ. ಪಕ್ಕದ ಮನೆಯ ಕಿಟಕಿ ಅರ್ಧ ತೆರೆದುಕೊಳ್ಳುತ್ತದೆ. ಇವರು ತಲೆ ಎತ್ತುವುದಿಲ್ಲ.

ಬೆಸಗರಹಳ್ಳಿ ಪಕ್ಕದ ಈ ಊರಿನಲ್ಲಿ ಅವರು ‘ಕಪ್ಪೆ ಸಿದ್ದಯ್ಯ’. ಮೊದಲು ಕಬ್ಬು ಕಡಿಯುತ್ತಿದ್ದರು. ಈಗ ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ ನಮ್ಮ ಕಡೆ ಇದೆಯೇ ಎಂದು ಹುಡುಕುತ್ತಿರುವ ಸಂಶೋಧಕಿ ಶೋಭಿತಾ ಅವರಿಗೆ ಮದ್ದೂರು, ಮಳವಳ್ಳಿ ಕೆರೆಗಳಿಂದ ಮಾದರಿ ತಂದುಕೊಡುತ್ತಾರೆ. ಕಪ್ಪೆ ನೀರು ಕುಡಿಯುವುದು ಚರ್ಮದಿಂದ; ಚರ್ಮ ಕೆಟ್ಟರೆ ಜೀವವೇ ಹೋಗಬಹುದು. ಒದ್ದೆ ಬೂಟಿನ ಜೊತೆ ಆ ರೋಗ ಕೆರೆಯಿಂದ ಕೆರೆಗೆ ಹೋಗಬಲ್ಲದು. ಅದಕ್ಕೇ ಈ ತೊಳೆಯುವುದು.

ಊರು ನಂಬುವುದಿಲ್ಲ. ಮೊದಲು ಅವರು ಕೆರೆ ಏರಿಯ ಮೇಲೇ ಬೂಟು ತೊಳೆಯುತ್ತಿದ್ದರು. ಬೇಸಿಗೆಯಲ್ಲಿ ಮೀನು ಸತ್ತು ತೇಲಿದಾಗ, ಬಿಳಿ ಪುಡಿ ಕಂಡವರು ವಿಷ ಎಂದರು. ಮೀನು ಯಾಕೆ ಸತ್ತವೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಅಂದಿನಿಂದ ಮನೆಯಲ್ಲೇ ತೊಳೆಯುತ್ತಾರೆ. ಈಗ, ‘ಕದ್ದು ತೊಳೀತಾನೆ ಅಂದ್ರೆ ಏನೋ ಐತೆ’ ಎನ್ನುತ್ತಾರೆ.

ಇವರ ಬಗ್ಗೆ ಬರೆಯಲು ಬಂದ ನಾನೂ ಪೂರ್ತಿ ನಂಬಿ ಹೋದವಳಲ್ಲ. ಚೀಲ ಹೆಗಲಿಗೇರಿಸಿ ಅವರು ಕೆರೆಗೆ ಹೊರಟರು. ಅವರ ಕೈಗಳನ್ನೇ ನೋಡುತ್ತಾ ಹಿಂದೆ ನಡೆದೆ. ಜೊಂಡಿನ ಬುಡದಲ್ಲಿ ಕೂತ ಕಪ್ಪೆಯನ್ನು ಹಿಡಿದು, ಅದರ ಹೊಟ್ಟೆ, ತೊಡೆ, ಕಾಲ್ಬೆರಳ ಸಂದಿಗೆ ಹತ್ತಿ ಕಡ್ಡಿ ಉಜ್ಜುತ್ತಾರೆ. ಕಡ್ಡಿ ಸೀಸೆಗೆ; ಕಪ್ಪೆ, ಅದು ಕೂತಿದ್ದ ಜಾಗಕ್ಕೇ. ಆಮೇಲೆ ಗ್ಲೌಸು ಕಿತ್ತು ಹೊಸದು. ಪ್ರತಿ ಕಪ್ಪೆಗೂ ಬೇರೆ ಜೊತೆ.

ಬಟ್ಟೆ ಗಂಟು ಹೊತ್ತ ದೇವಿರಮ್ಮ ಏರಿಯ ಮೇಲೆ ನಿಲ್ಲುತ್ತಾರೆ. “ಎರಿಗೆ ಮಾಡ್ಸೋ ನರ್ಸಮ್ಮನೂ ಇಷ್ಟು ಗ್ಲೌಸು ಬದಲಾಯ್ಸಕಿಲ್ಲ ಕಣಪ್ಪ. ಗಂಡೋ, ಎಣ್ಣೋ?”

“ನೀನೇ ಇಳ್ದು ನೋಡು ಬಾರಕ್ಕ.”

“ಅಯ್ಯೋ ಬುಡು, ನಂಗ್ಯಾಕೆ!” ಆ ದಿನ ಅವರು ಬಟ್ಟೆಯನ್ನು ಕೆರೆಯಲ್ಲಿ ಒಗೆಯುವುದಿಲ್ಲ, ನಾಲೆಯ ಕಡೆ ಹೋಗುತ್ತಾರೆ.

ಮೀನು ಸಾಕಣೆಗೆ ಕೆರೆ ಗುತ್ತಿಗೆ ಹಿಡಿದಿರುವ ಚಿಕ್ಕಣ್ಣ, ಬರುವ ಸೋಮವಾರದಿಂದ ಕೆಂಪಸಿದ್ದಯ್ಯ ನೀರಿಗಿಳಿಯಕೂಡದು ಎಂದಿದ್ದಾರೆ. ಮಳೆಗಾಲದ ಮಾದರಿ ತಪ್ಪಿದರೆ ಈ ಕೆರೆಯನ್ನೇ ಕೈಬಿಡಬೇಕಾಗುತ್ತದೆ ಎಂದು ಶೋಭಿತಾ ಹೇಳುತ್ತಾರೆ.

“ಬೇರೆ ಕೆರೆ ಅವೆ, ಕೆಲ್ಸ ಓಗಕಿಲ್ಲ,” ಎನ್ನುತ್ತಾರೆ ಕೆಂಪಸಿದ್ದಯ್ಯ. “ಆದ್ರೆ ಉಟ್ಟಿದೂರ್ ಕೆರೆಗೆ ಇಸ ಆಕ್ದ ಅನ್ನೋ ಮಾತು ಉಳ್ಕತದಲ್ಲಮ್ಮ.”

ಕೆರೆಯಿಂದ ನೇರ ಟೀ ಅಂಗಡಿಗೆ ಬರುತ್ತಾರೆ. ಬೆಂಚಿನ ಮೇಲೆ ಚಿಕ್ಕಣ್ಣ.

“ಈ ಸೀಸೆಯೆಲ್ಲ ಎಲ್ಲಿಗ್ಲಾ ಓಯ್ತವೆ? ಕಪ್ಪೆ ಬೆವರು ಮಾರ್ತಿಯಾ?”

ಕೂತವರು ನಗುತ್ತಾರೆ. ಕೆಂಪಸಿದ್ದಯ್ಯ ಚೀಲ ಬಿಚ್ಚಿ ಮೇಜಿನ ಮೇಲಿಡುತ್ತಾರೆ: ಗ್ಲೌಸು, ಹತ್ತಿ ಕಡ್ಡಿ, ಸೀಸೆ. ಕೈ ಹಾಕಿ ನೋಡುವವರಿಲ್ಲ.

“ನಾಳೆ ಬೆಳಿಗ್ಗೆ ಒಬ್ರು ನನ್ ಜೊತೆ ಬನ್ನಿ. ಬೂಟು ತೊಳ್ಯೋದ್ರಿಂದ್ಲೇ ನೋಡಿ. ಯಾರಾದ್ರೂ ಒಬ್ರು.”

ಚಿಕ್ಕಣ್ಣ ಲೋಟ ಎತ್ತಿಕೊಂಡು ರಸ್ತೆಯ ಕಡೆ ತಿರುಗಿ ಕೂರುತ್ತಾರೆ.