ಕಂಬಳಿಯ ಮೇಲೆ ಜೈಂಟ್ ವೀಲಿಗೆ

ಅಥವಾ ನನ್ನನ್ನು ಕೂರಿಸಿ ಹೊತ್ತ ಕಂಬಳಿಯ ನಾಲ್ಕನೇ ತುದಿಯನ್ನು ಯಾರೂ ಹಿಡಿದಿರಲೇ ಇಲ್ಲವೇನೋ. ಮೂರು ತುದಿಗಳು ನನಗೆ ನೆನಪಿವೆ: ಮುಂದೆ ಬಲಕ್ಕೆ ಭಾವ, ಎಡಕ್ಕೆ ಗೇಟಿನ ಸೆಕ್ಯುರಿಟಿಯವನು, ಹಿಂದೆ ಅಕ್ಕ. ನಾಲ್ಕನೆಯದನ್ನು ಹಸಿರು ಸೀರೆಯ ಅಜ್ಜಿ ಹಿಡಿದಿದ್ದಳು ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಅಜ್ಜಿ ಸಿಕ್ಕಿದ್ದು ಆಮೇಲೆ, ಸಾಲಿನಲ್ಲಿ. ಹಾಗಾದರೆ ಗೇಟಿನಿಂದ ಸಾಲಿನವರೆಗೆ ನಾನು ಮೂರೇ ತುದಿಗಳ ಮೇಲೆ ಹೋದೆನೆ? ಬೀಳಲಿಲ್ಲ ಎನ್ನುವುದಂತೂ ನಿಜ.

ನಿಜ ಎನ್ನಬಹುದಾದವು ಇನ್ನೂ ಕೆಲವಿವೆ. ನನ್ನ ಬಲಗಾಲು ಪೋಲಿಯೊ ಬಂದ ಕಾಲು. ಕಂಕುಳಲ್ಲಿ ಊರುಗೋಲು. ಓಡಾಡಲು ಹಿಂದೆ ಎರಡು ಗಾಲಿ ಸೇರಿಸಿದ ಸ್ಕೂಟರು. ಮಾರಿಕಣಿವೆ ಅಣೆಕಟ್ಟು ನಮ್ಮೂರು ಮಾಡದಕೆರೆಗೆ ದೂರದ ಜಾಗವೇನಲ್ಲ, ಆದರೂ ಅಲ್ಲಿ ನಿಂತ ನೀರನ್ನು ನಾನು ನೋಡಿರಲಿಲ್ಲ. ಚಿಕ್ಕಂದಿನಲ್ಲಿ ಮನೆಯವರೆಲ್ಲ ಹೋದಾಗ ನನ್ನನ್ನು ಅಣೆಕಟ್ಟಿನ ಕೆಳಗೆ, ಮರದ ನೆರಳಲ್ಲಿ, ಬುತ್ತಿಗಂಟಿನ ಕಾವಲಿಗೆ ಕೂರಿಸಿ ಅವರು ಮೆಟ್ಟಿಲು ಹತ್ತಿದರು. ಇಳಿದು ಬಂದು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಒಬ್ಬರಿಗೆ ನೀರು ನೀಲಿ, ಒಬ್ಬರಿಗೆ ಹಸಿರು, ಅಕ್ಕನಿಗೆ ಬರೀ ಭಯ. ಮೊನ್ನೆ ಮೊನ್ನೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ ಇಡೀ ಜಿಲ್ಲೆಯೇ ಅಲ್ಲಿತ್ತು. ಆ ಜನದ ನಡುವೆ ನನ್ನ ಸ್ಕೂಟರು ನುಗ್ಗಲಿಲ್ಲ. ದೂರದಿಂದ ಸದ್ದು ಕೇಳಿ ವಾಪಸು ಬಂದೆ.

ಹೀಗಿರುವಾಗ ಒಂದು ಮಧ್ಯಾಹ್ನ, ನಾನು ಕೆಲಸ ಮಾಡುವ ಪಂಚಾಯಿತಿ ಗ್ರಂಥಾಲಯದಲ್ಲಿ, ಹೆಂಗಸೊಬ್ಬಳು ಹೇಳಿದಳು: ಹಿರಿಯೂರಿನ ಆಚೆ ಹೆದ್ದಾರಿ ಪಕ್ಕ ಹೊಸ ಥೀಮ್ ಪಾರ್ಕ್ ಆಗಿದೆ, ಅಲ್ಲಿನ ಜೈಂಟ್ ವೀಲಿನ ತುದಿಗೆ ಹೋದರೆ ಮಾರಿಕಣಿವೆ ನೀರು ಕಾಣುತ್ತದೆ. ಅವಳು ನೋಡಿ ಹೇಳಿದಳೋ ಕೇಳಿ ಹೇಳಿದಳೋ, ನಾನು ಕೇಳಲಿಲ್ಲ. ಕೇಳುವಷ್ಟು ತಾಳ್ಮೆ ಎಲ್ಲಿತ್ತು!

ಭಾವ ಕುರಿ ಸಾಕಿದವರು. ಹೆಗಲ ಮೇಲೆ ಕರಿ ಕಂಬಳಿ ಇಲ್ಲದೆ ಅವರನ್ನು ಮದುವೆಯ ಫೋಟೊದಲ್ಲಿ ಮಾತ್ರ ನೋಡಿದ್ದೇನೆ. ಅವರಿಗೆ ನನ್ನ ಆಸೆ ತಿಕ್ಕಲೆನಿಸಿತು.

"ನೀರು ನೋಡಾಕೆ ಪಾರ್ಕಿಗ್ಯಾಕವ್ವ? ಡ್ಯಾಮಿಗೇ ಹೋಗಾಣ ನಡಿ. ಹೊತ್ಕಂಡು ಹತ್ತುಸ್ತೀನಿ."

"ಬ್ಯಾಡ ಭಾವ. ಡ್ಯಾಮಿನ ಮ್ಯಾಲೆ ಎಲ್ರೂ ನಿಂತಿರ್ತಾರೆ. ಜೈಂಟ್ ವೀಲಲ್ಲಿ ಎಲ್ರೂ ಕುಂತೇ ಇರಬೇಕು."

ಹೊರಡುವ ಬೆಳಿಗ್ಗೆ ಅಕ್ಕ ನನ್ನ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಬಳಿದಳು. ಇಷ್ಟು ದೂರ ಹೊರಟಾಗ ನಮ್ಮಲ್ಲಿ ಅದು ಇದ್ದದ್ದೇ. ಅಂದು ಕೈ ಸ್ವಲ್ಪ ಧಾರಾಳವಾಗಿತ್ತು.

ನಾನು ಸ್ಕೂಟರಿನಲ್ಲಿ ಮುಂದೆ, ಅವರಿಬ್ಬರು ಮೊಪೆಡ್ಡಿನಲ್ಲಿ ಹಿಂದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಅಥವಾ ನಿಂತಿದ್ದವು. ತಿರುಗುತ್ತಿದ್ದವು ಎಂದೇ ಬರೆಯಬೇಕೆನ್ನಿಸುತ್ತದೆ, ಯಾಕೆಂದರೆ ನನ್ನೊಳಗೆ ಎಲ್ಲವೂ ತಿರುಗುತ್ತಿತ್ತು. ಹಿರಿಯೂರು ದಾಟಿ, ದೂರದಲ್ಲಿ ಚಕ್ರದ ಮೇಲ್ಭಾಗ ಕಂಡಾಗ ನಾನು ಕಿರುಚಿದೆನಂತೆ. ಇದು ಅಕ್ಕನ ಹೇಳಿಕೆ. ಹಾರನ್ ಹೊಡೆದೆ ಎಂದು ನನ್ನ ನೆನಪು.

ಸ್ಕೂಟರು ಒಳಗೆ ಬಿಡುವುದಿಲ್ಲ ಎಂದರು. ಗೇಟಿನಿಂದ ಚಕ್ರದವರೆಗೆ ಜಲ್ಲಿ ಹರಡಿದ ದಾರಿ. ಊರುಗೋಲು ಊರಿದರೆ ಇಷ್ಟುದ್ದ ಒಳಗಿಳಿಯುತ್ತಿತ್ತು. ಐದು ಹೆಜ್ಜೆಗೆ ಬೆವರು ಕಿತ್ತುಬಂತು. ಗಾಲಿಕುರ್ಚಿ ಒಂದಿತ್ತು. ಅದನ್ನು ಕಂಬಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು.

"ಕೀ ಎಲ್ಲೈತಪ್ಪ?" ಭಾವ ಕೇಳಿದರು.

"ಕೀ ಇರೋರು ಊಟಕ್ಕೆ ಹೋಗವ್ರೆ," ಎಂದ ಸೆಕ್ಯುರಿಟಿಯವನು.

"ಹನ್ನೊಂದು ಗಂಟಿಗಾ?"

"ಮನೆ ದೂರ ಐತೆ ಯಜಮಾನ್ರೆ."

ಭಾವ ನಕ್ಕರು. ಹೆಗಲಿನ ಕಂಬಳಿ ತೆಗೆದು ಝಾಡಿಸಿ ನೆಲಕ್ಕೆ ಹಾಸಿದರು. "ಕುಂತ್ಕ. ಕಾಲು ಮುರುಕೊಂಡ ಮರೀನ ಹಿಂಗೇ ಹಟ್ಟಿಗೆ ತರ್ತೀನಿ."

"ನಾನು ಮರಿಯಲ್ಲ ಭಾವ, ಟಗರು. ಹಾಯ್ತೀನಿ."

"ಹಾಯಿವಂತೆ, ಮೊದ್ಲು ಕುಂತ್ಕಳೇ ಮಾರಾಯ್ತಿ," ಎಂದಳು ಅಕ್ಕ.

ಕುಳಿತೆ. ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ. ಎತ್ತಿದರು. ಹೊತ್ತುಕೊಂಡು ಹತ್ತಿಸುವುದು ಬೇಡ ಎಂದೇ ಇಲ್ಲಿಗೆ ಬಂದವಳು ನಾನು, ಆದರೆ ಆ ಕ್ಷಣ ನಾಚಿಕೆ ಹುಡುಕಿದರೂ ಸಿಗಲಿಲ್ಲ. ಉಣ್ಣೆ ಬೆನ್ನಿಗೆ ಚುಚ್ಚುತ್ತಿತ್ತು, ಚಕ್ರ ಪ್ರತಿ ಹೆಜ್ಜೆಗೂ ದೊಡ್ಡದಾಗುತ್ತಿತ್ತು.

ಸಾಲಿನಲ್ಲಿ ಹೊಸದುರ್ಗದ ಕಡೆಯಿಂದ ಪ್ರವಾಸ ಬಂದ ಸ್ತ್ರೀಶಕ್ತಿ ಸಂಘದ ಹೆಂಗಸರಿದ್ದರು. ಅವರು ತಿರುಗಿ ನೋಡಿದ್ದು ಇದನ್ನು: ಕರಿ ಕಂಬಳಿಯ ಮೇಲೆ ಕುಳಿತ ಹೆಂಗಸು, ಹಣೆ ತುಂಬ ಭಂಡಾರ, ತೊಡೆಯ ಮೇಲೆ ಕೋಲು, ಹೊತ್ತು ತರುತ್ತಿರುವ ಜನ. ನಮ್ಮ ಕಡೆ ಕಂಬಳಿ ಹಾಸಿ ಕೂರಿಸಿದರೆ ಅದು ಗದ್ದಿಗೆ. ಗದ್ದಿಗೆಯ ಮೇಲೆ ಕೂರುವುದು ದೇವರು, ಇಲ್ಲವೆ ದೇವರು ಮೈಮೇಲೆ ಬಂದವರು. ಮುಂದಿದ್ದ ಹಸಿರು ಸೀರೆಯ ಅಜ್ಜಿ ಚಪ್ಪಲಿ ಬಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು. ಜೈಂಟ್ ವೀಲಿನ ಸಾಲು ಬೈತಲೆ ತೆಗೆದಂತೆ ಎರಡು ಪಾಲಾಯಿತು.

"ದಾರಿ ಬಿಡ್ರೇ, ಅಮ್ಮನ್ನ ಕರ್ಕಂಡು ಬತ್ತಾವ್ರೆ!"

ಅಜ್ಜಿ ಕಂಬಳಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೇಳಿದಳು: "ತಾಯಿ, ಮೊಮ್ಮಗಳಿಗೆ ಯಾವ ಗಂಡೂ ಕೂಡಿಬರ್ತಿಲ್ಲ."

ನಾನು ಸುಮ್ಮನಿದ್ದೆ ಎಂದು ನನ್ನ ನೆನಪು. "ಕೂಡಿಬರ್ತದೆ ಬಿಡಜ್ಜಿ ಅಂತ ನೀನೇ ಅಂದೆ. ಕೈ ಬ್ಯಾರೆ ಎತ್ತಿದೆ," ಎನ್ನುತ್ತಾಳೆ ಅಕ್ಕ. ಸುಮ್ಮನಿದ್ದಿದ್ದರೂ ಅದು ಒಳ್ಳೆಯ ಮೌನವಲ್ಲ. ನಾನು ದೇವರಲ್ಲ ಎನ್ನಲು ಒಂದು ಮಾತು ಸಾಕಿತ್ತು. ಹೇಳಿದರೆ ಸಾಲು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಚಕ್ರ ನಡೆಸುವವನು ಬಂದು ನಮ್ಮನ್ನು ನೋಡಿದ. ಅವನೂ ಚಪ್ಪಲಿ ಬಿಟ್ಟ. ಆಗ ಮಾತ್ರ ನನಗೆ ಮುಜುಗರವಾಯಿತು.

"ನಾನು ದೇವ್ರಲ್ಲಪ್ಪ."

"ಗೊತ್ತು ಕಣಕ್ಕ. ಆದ್ರೆ ಕಂಬಳಿ ಕಂಬಳಿನೇ ಅಲ್ವಾ?"

ತೊಟ್ಟಿಲನ್ನು ನೆಲಮಟ್ಟಕ್ಕೆ ತಂದು ನಿಲ್ಲಿಸಿ, ಕಂಬಳಿ ಸಮೇತ ನನ್ನನ್ನು ಒಳಗೆ ಜಾರಿಸಿದ. ಫೋನುಗಳನ್ನು ಕೆಳಗಿನ ಡಬ್ಬಿಯಲ್ಲೇ ಬಿಡಬೇಕಂತೆ, ಬಿಟ್ಟೆವು. ಭಾವ ನಾಲ್ಕು ಹೆಜ್ಜೆ ಹಿಂದೆ ಸರಿದು, "ನಾ ಒಲ್ಲೆನಪ್ಪ, ನೆಲಾನೇ ವಾಸಿ," ಎಂದರು. ಅಕ್ಕ ಹತ್ತಿದಳು. ಹತ್ತಿದವಳೇ ಕಂಬಳಿಯ ತುದಿ ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದಳು.

"ತುದೀಲಿ ಒಂಚೂರು ನಿಲ್ಸಪ್ಪ," ಎಂದು ಕೂಗಿದೆ.

ನೆಲ ಕೆಳಗೆ ಹೋಯಿತು. ಭಾವನ ರುಮಾಲು ಸಣ್ಣದಾಯಿತು, ಜಲ್ಲಿಯ ದಾರಿ ಒಂದು ಗೆರೆಯಾಯಿತು, ನನ್ನ ಸ್ಕೂಟರು ಗೇಟಿನಾಚೆ ಆಟದ ಸಾಮಾನಿನಂತೆ ನಿಂತಿತ್ತು. ಮುಂದಿನ ತೊಟ್ಟಿಲಲ್ಲಿ, ಹಿಂದಿನ ತೊಟ್ಟಿಲಲ್ಲಿ, ಎಲ್ಲರೂ ಕುಳಿತೇ ಇದ್ದರು. ಯಾರ ಕಾಲು ಯಾವುದೆಂದು ಯಾರಿಗೂ ಬೇಕಿರಲಿಲ್ಲ. ತುದಿಯಲ್ಲಿ ಚಕ್ರ ನಿಂತಿತು. ಪಡುವಲಿಗೆ ಗುಡ್ಡಗಳ ಸಾಲು, ಎರಡು ಗುಡ್ಡಗಳ ನಡುವೆ ಒಂದು ಸಂದು, ಆ ಸಂದಿನಲ್ಲಿ ಬೆರಳಗಲದ ಹೊಳಪು.

"ಅಕ್ಕ! ನೀರು! ಕಣ್ಣು ಬಿಡೇ!"

"ನೀನೇ ನೋಡ್ಕಳವ್ವ ನನ್ ಪಾಲಿಂದೂನು."

ಅದು ನೀಲಿಯಲ್ಲ, ಹಸಿರಲ್ಲ. ಬಿಳಿ. ಚಕ್ರ ಅಲುಗಿತು, ಸಂದು ಮುಚ್ಚಿಕೊಂಡಿತು, ನಾವು ಇಳಿದೆವು.

ಕೆಳಗೆ ಭಾವ ಕೇಳಿದ ಮೊದಲ ಪ್ರಶ್ನೆಯೇ ಯಾವ ಕಡೆ ಕಂಡಿತು ಎಂದು. ತೋರಿಸಿದೆ. ಅವರು ಹುಬ್ಬಿನ ಮೇಲೆ ಕೈಯಿಟ್ಟು ಆ ದಿಕ್ಕನ್ನೇ ನೋಡಿ, ಮೆಲ್ಲಗೆ, "ಆ ಕಡೆ ಸೋಲಾರ್ ಪ್ಲೇಟು ಹಾಕವ್ರೆ ಕಣವ್ವ. ಕುರಿ ಹೊಡ್ಕಂಡು ಹೋದಾಗ ನೋಡಿದೀನಿ. ನೀರಿನಂಗೇ ಹೊಳಿತದೆ," ಎಂದರು. ತಕ್ಷಣ ನನ್ನ ಮುಖ ನೋಡಿ, "ಡ್ಯಾಮೂ ಆ ಕಡೇನೇ ಅನ್ನು," ಎಂದು ಸೇರಿಸಿದರು.

ಫೋನಿನ ನಕ್ಷೆಯಲ್ಲಿ ಹುಡುಕಿದ್ದೇನೆ. ಅಲ್ಲಿ ಗುಡ್ಡಗಳಿಗೆ ಎತ್ತರವಿಲ್ಲ, ಯಾವ ಸಂದಿನಿಂದ ಏನು ಕಾಣುತ್ತದೆ ಎಂದು ತಿಳಿಯುವುದಿಲ್ಲ. ಅಕ್ಕನ ಕಣ್ಣು ಮುಚ್ಚಿತ್ತು, ಫೋಟೊ ಇಲ್ಲ, ಗ್ರಂಥಾಲಯದ ಆ ಹೆಂಗಸು ಮತ್ತೆ ಬಂದಿಲ್ಲ. ಅಂದು ನಾನು ನೋಡಿದ್ದು ಮಾರಿಕಣಿವೆಯ ನೀರೋ ಅಲ್ಲವೋ, ನನಗೆ ಗೊತ್ತಿಲ್ಲ.