ಸಾರಾಯಿ ಅಂಗಡಿ ಸರಿಸಿದ ಸಭೆ

ಶಹಾಬಾದಿನಿಂದ ಭಂಕೂರ ದಾಟಿದರೆ ಕಲ್ಲುಗಣಿಗಳ ನಡುವೆ ನಮ್ಮೂರು. ನನ್ನ ಗಂಡ ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಎಬ್ಬಿಸುತ್ತಿದ್ದರು. ನಾನು ಮನೆಯಲ್ಲೇ ಮಷೀನಿನ ಮೇಲೆ ಕುಬುಸ ಹೊಲಿಯುತ್ತಿದ್ದೆ. ಮಂಡಲ ಪಂಚಾಯತಿಯಲ್ಲಿ ಹೆಂಗಸರಿಗೂ ಸೀಟು ಬಂತೆಂದು ಓಣಿಯವರು ನನ್ನನ್ನು ನಿಲ್ಲಿಸಿದರು. ಗೆದ್ದೂ ಬಿಟ್ಟೆ! ಅವತ್ತು ತಲೆಗೆ ಹತ್ತಿದ ಗುಲಾಲು ಎಷ್ಟು ತೊಳೆದರೂ ಹೋಗಲಿಲ್ಲ.

ಮೊದಲನೇ ಸಭೆಯ ದಿನ ನಮ್ಮವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

"ಎಲ್ಲಿಗಿ ಹೊಂಟೀರಿ?" ಅಂದೆ.

"ಮೀಟಿಂಗಿಗಿ. ಉಳಿದ ಹೆಣ್ಣು ಮೆಂಬರಗಳ ಗಂಡಂದಿರೂ ಹೊಂಟಾರ."

"ಜನ ವೋಟು ಹಾಕಿದ್ದು ನನಗ. ನೀವು ಗಣಿಗಿ ಹೋಗ್ರಿ."

ಇಸ್ತ್ರಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಆಮೇಲೆ ನಕ್ಕು, "ಹಂಗಾದ್ರ ಬುತ್ತಿಯರ ಕಟ್ಟಿ ಹೋಗು" ಅಂದರು. ಕಟ್ಟಿಕೊಟ್ಟೆ.

ದಾರಿಯಲ್ಲಿ ಬಾಜೂ ಮನೆಯ ಆಪಾ ಜೊತೆಯಾದರು. ಆಪಾ ಬಳೆ ಮಾರುವವರು, ನನಗಿಂತ ಹಿರಿಯರು. ಅವರ ಹಿರೇಮಗ ಸಾರಾಯಿಗೆ ಬಿದ್ದಿದ್ದ. ನೀರಿನ ಬೋರಿಂಗಿಗೆ ಹತ್ತಿಯೇ, ಸಾಲಿ ಮಕ್ಕಳು ಹೋಗುವ ದಾರಿಯಲ್ಲೇ ಸಾರಾಯಿ ಅಂಗಡಿ. ಕೊಡ ಹಿಡಿದು ಹೋದ ಹೆಂಗಸರು ಕುಡುಕರನ್ನು ದಾಟಿಯೇ ಬರಬೇಕು.

"ಇವತ್ತು ಪೂರಾ ಬಂದ್ ಮಾಡಸು. ಒಂದು ಹನಿ ಸಿಗಬಾರದು" ಅಂದರು ಆಪಾ.

"ಬಂದ್ ಮಾಡಿದ್ದು ನಾ ಕಣ್ಣಾರೆ ನೋಡೀನಿ, ಆಪಾ."

ನನ್ನ ತವರು ಬಿಜಾಪುರದ ಕಡೆ. ನಾನು ಸಣ್ಣವಳಿದ್ದಾಗ ಅಲ್ಲಿ ಪಾನನಿಷೇಧ. ಅಂಗಡಿ ಇರಲಿಲ್ಲ ಖರೆ, ಆದರೆ ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ ಇತ್ತು. ಅದರಲ್ಲಿ ಏನು ಬೆರೆಸುತ್ತಿದ್ದರೋ ಕುಡಿದವರಿಗೇ ಗೊತ್ತಿರಲಿಲ್ಲ. ನನ್ನ ಸೋದರಮಾವ ಅದನ್ನು ಕುಡಿದು ಬಂದು, ಕಣ್ಣು ಮಂಜಾಗುತ್ತವೆ ಅಂದ. ದವಾಖಾನೆಗೆ ಒಯ್ದರೆ ಪೊಲೀಸರು ಹಿಡಿಯುತ್ತಾರೆಂದು ಅಂಜಿ ಮನೆಯಲ್ಲೇ ಮಲಗಿಸಿದರು. ಅವನ ಕಣ್ಣು ಹೋದವು. ಕುಡಿದವನು ಡಾಕ್ಟರ ಹತ್ತಿರ ಹೋಗಲಿಕ್ಕೂ ಹೆದರುವಂಥ ಕಾನೂನು ಯಾರನ್ನೂ ಬದುಕಿಸುವುದಿಲ್ಲ ಎಂಬ ನನ್ನ ಅಭಿಪ್ರಾಯ ಅವತ್ತಿನಿಂದ ಗಟ್ಟಿಯಾಗಿದೆ. ಗಾಂಜಾ, ಅಫೀಮು ಯಾವುದಕ್ಕಾದರೂ ಅದೇ ಮಾತು ಹೇಳುತ್ತೇನೆ. ಮಾರಿ ದುಡಿಯುವವನಿಗೆ ಲಗಾಮು ಬೇಕು. ಚಟಕ್ಕೆ ಬಿದ್ದವನಿಗೆ ಔಷಧ ಬೇಕು.

ಇದನ್ನೆಲ್ಲ ಆಪಾಗೆ ಹೇಳಿದೆ. "ನಿನ್ನ ಮಗ ಕುಡದು ಬಂದಿದ್ರ ನೀ ಹಿಂಗ ಮಾತಾಡ್ತಿದ್ದಿಲ್ಲ" ಅಂದರು ಆಪಾ. ಆಫೀಸು ಕಾಣುತ್ತಲೇ ಅವರು ಬೋರಿಂಗಿನ ಕಡೆ ತಿರುಗಿದರು.

ಪಂಚಾಯತಿ ಆಫೀಸಿನಲ್ಲಿ ನೋಡಿದರೆ ಕುರ್ಚಿಗಳ ಮೇಲೆ ಗಂಡಂದಿರು! ಮೆಂಬರ ಹೆಂಗಸರು ತಲೆಮೇಲೆ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಿದ್ದರು. ನಾನು ಕುರ್ಚಿಗಳ ಮುಂದೆ ಹೋಗಿ ನಿಂತೆ. ಅಂದೇ ಬಿಟ್ಟೆ: "ಮೆಂಬರ್ ಯಾರದಾರೋ ಅವರು ಕುಂದ್ರಲಿ. ಉಳಿದವರು ಹೊರಗ ಕುಂತು ಕೇಳ್ರಿ. ಬಾಗಿಲು ತೆರದೇ ಇರಲಿ."

ಮಂಡಲದ ಮುಖ್ಯಸ್ಥರಾದ ಪ್ರಧಾನರು ಸೆಕ್ರೆಟರಿಯ ಕಡೆ ನೋಡಿದರು. "ಕಾಯ್ದೆ ಹಂಗೇ ಅದರಿ" ಅಂದರು ಸೆಕ್ರೆಟರಿ. ಒಬ್ಬೊಬ್ಬರೇ ಗಂಡಂದಿರು ಗೊಣಗುತ್ತ ಎದ್ದರು. ಹೆಂಗಸರು ಬಂದು ಕುಳಿತರು. ಒಬ್ಬಾಕೆ ಮೇಜಿನ ಕೆಳಗೆ ನನ್ನ ಕೈ ಒತ್ತಿ ಹಿಡಿದಳು.

ಸಾರಾಯಿ ಅಂಗಡಿಯ ಮಾತು ತೆಗೆದೆ.

"ಗುತ್ತಿಗಿ ಸರಕಾರದ್ದು, ತಂಗಿ. ನಮ್ಮ ಕೈಯಾಗ ಏನದ?" ಅಂದರು ಪ್ರಧಾನರು.

"ಗುತ್ತಿಗಿ ಸರಕಾರದ್ದು, ಖರೆ. ಅಂಗಡಿ ನಿಂತ ಜಾಗ ಯಾರದು?"

ಸೆಕ್ರೆಟರಿ ದಫ್ತರ ತೆರೆದು ನೋಡಿದರು. "ಜಾಗ ಪಂಚಾಯತಿದು."

ಹೊರಗೆ ಹೋ ಎಂದು ಸದ್ದೆದ್ದಿತು. ನೋಡಿದರೆ ಕಿಟಕಿ ತುಂಬ ಹೆಂಗಸರ ಮುಖಗಳು, ನಡುವೆ ಆಪಾ! ಬೋರಿಂಗಿಗೆ ಹೋದವರನ್ನೆಲ್ಲ ಕೊಡಸಮೇತ ಕರೆತಂದಿದ್ದರು. ಪಂಚಾಯತಿಯ ಜಾಗದಿಂದ ಅಂಗಡಿ ಎಬ್ಬಿಸಬೇಕು ಅನ್ನುವವರು ಕೈ ಎತ್ತಿರಿ ಅಂದರು ಪ್ರಧಾನರು. ನನ್ನ ಕೈ ಹಿಡಿದಿದ್ದಾಕೆ ಬಾಗಿಲಲ್ಲಿದ್ದ ಗಂಡನನ್ನು ಒಮ್ಮೆ ನೋಡಿ, ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಉಳಿದ ಹೆಂಗಸರು ಎತ್ತಿದರು. ಗಂಡು ಮೆಂಬರುಗಳಲ್ಲೂ ಅರ್ಧಕ್ಕರ್ಧ ಎತ್ತಿದರು. ಠರಾವು ಪಾಸಾಯಿತು! ಚುನಾವಣೆ ಗೆದ್ದ ದಿನವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ. ಸರಕಾರ ಅಂದರೆ ಎಲ್ಲೋ ಬೆಂಗಳೂರಲ್ಲಿ ಇರುವುದು ಅಂದುಕೊಂಡಿದ್ದೆ. ಬಾಗಿಲು ತೆರೆದಿಟ್ಟರೆ ನಮ್ಮೂರಲ್ಲೂ ಇರುತ್ತದೆ.

ಕುಡುಕರನ್ನು ನೋಡಲಿಕ್ಕೆ ಸರಕಾರಿ ಡಾಕ್ಟರು ಊರಿಗೆ ಬರಬೇಕೆಂದು ಇನ್ನೊಂದು ಠರಾವು ತಂದೆ. "ಕುಡುಕರಿಗಿ ಡಾಕ್ಟರಾ?" ಎಂದು ಸಭೆಯೇ ನಕ್ಕಿತು. ಅದು ಬಿದ್ದುಹೋಯಿತು.

ಕೆಲವು ದಿನಕ್ಕೆ ಅಂಗಡಿ ಗಣಿಯ ಆಚೆ, ವಾಡಿ ರಸ್ತೆಗೆ ಹೋಯಿತು. ಗುತ್ತಿಗೆದಾರನ ಮಂದಿ ನಮ್ಮ ಮನೆ ಮುಂದೆ ಬಂದು ಕೂಗಾಡಿದರು. ಗಂಡ ಬಾಗಿಲಿಗೆ ಹೋಗಿ, "ಮೆಂಬರ್ ನಾ ಅಲ್ಲ, ಆಕಿ. ಮಾತಾಡೋದಿದ್ರ ಆಫೀಸಿಗಿ ಬರ್ರಿ" ಅಂದರು. ಅವರು ಆಫೀಸಿಗೆ ಬರಲಿಲ್ಲ.

ಆಪಾಗೆ ಸಮಾಧಾನವಾಗಲಿಲ್ಲ. ದೂರವಾದರೂ ಮಗ ನಡೆದು ಹೋಗುತ್ತಿದ್ದ. ಒಂದು ಮುಂಜಾನೆ ಅವರೇ ಬಂದು, "ಡಾಕ್ಟರು ಬರೋದಿಲ್ಲಂದ್ರ ನಾವೇ ಹೋಗೋಣು ನಡಿ" ಅಂದರು. ಮಗನನ್ನೂ ಕರೆದುಕೊಂಡು ಮೂವರೂ ಬಸ್ಸು ಹತ್ತಿ ಶಹಾಬಾದಿನ ದವಾಖಾನೆಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಹುಡುಗನನ್ನು ಕೂಡಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಅವನು ಕುಡಿಯುವುದನ್ನು ಬಿಟ್ಟ, ಹಬ್ಬದ ಹೊತ್ತಿಗೆ ಮತ್ತೆ ಹಿಡಿದ. ಮನೆಯಲ್ಲಿ ಅಳು, ಜಗಳ. ಎರಡನೇ ಸಲ ಅವನು ಯಾರಿಗೂ ಹೇಳದೆ ತಾನೇ ದವಾಖಾನೆಯ ಬಸ್ಸು ಹತ್ತಿದ.